ಶಾಲೆ ಎಷ್ಟು ದೂರ? ಕೋಲಾರದ ಸರ್ಕಾರಿ ಶಾಲೆಗಳ ಕಥೆ, ಹತ್ತು ಕಂತಲ್ಲಿ

ಕಂತು 1: ಮೊದಲು ಒಂದು ಪ್ರಶ್ನೆ

ನಿಮ್ಮ ಮನೆಯಿಂದ ನಿಮ್ಮ ಪ್ರೈಮರಿ ಸ್ಕೂಲು ಎಷ್ಟು ದೂರ ಇತ್ತು? ಕಾಮೆಂಟಲ್ಲಿ ಹಾಕಿ. ಕಿಲೋಮೀಟರ್ ಗೊತ್ತಿಲ್ಲದಿದ್ರೆ "ಎರಡು ಬೀದಿ", "ಕೆರೆ ಕಟ್ಟೆ ದಾಟಿ", "ಬೆಲ್ ಹೊಡೆದ ಮೇಲೆ ಹೊರಟರೂ ಪ್ರೇಯರ್‌ಗೆ ಸಿಕ್ತಿದ್ದೆ" ಅಂತ ಬರೆದರೂ ಸಾಕು.

ಈಗ ಎರಡನೇ ಪ್ರಶ್ನೆ. ಆ ಶಾಲೆ ನಿಮ್ಮೂರಿಗೆ ಬಂದಿದ್ದು ಯಾವ ವರ್ಷ? ಜಾಗ ಕೊಟ್ಟವರು ಯಾರು? ಅದಕ್ಕೂ ಮುಂಚೆ ನಿಮ್ಮ ತಾತ ಓದೋಕೆ ಎಲ್ಲಿಗೆ ಹೋಗ್ತಿದ್ರು? ಅಜ್ಜಿ ಹೋಗ್ತಿದ್ರಾ?

ಇಲ್ಲಿ ನಮ್ಮಲ್ಲಿ ಬಹಳ ಜನ ಸುಮ್ಮನಾಗ್ತೀವಿ. ಕೋಲಾರ ಗಂಗರ ರಾಜಧಾನಿ ಕುವಳಾಲ ಆಗಿತ್ತು ಅಂತ ಗೊತ್ತು. ಮುಳಬಾಗಿಲು ಅಂದ್ರೆ ಮೂಡಲ ಬಾಗಿಲು ಅಂತ ಗೊತ್ತು. ದಿವಾನ್ ಪೂರ್ಣಯ್ಯನವರ ಮಗನ ಹೆಸರಿಂದ ಶ್ರೀನಿವಾಸಪುರ ಅಂತ ಹೆಸರು ಬಂತು ಅನ್ನೋದನ್ನೂ ಕೆಲವರು ಹೇಳ್ತಾರೆ. ನಾವು ಏಳೆಂಟು ವರ್ಷ ಕೂತು ಎದ್ದ ಕೋಣೆಯ ಇತಿಹಾಸ ಮಾತ್ರ ಗೊತ್ತಿಲ್ಲ.

ಈ ಸರಣಿ ಅದಕ್ಕೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿ ಶಾಲೆಗಳ ಸುಮಾರು 150 ವರ್ಷದ ಕಥೆ. ಓದ್ತಾ ಓದ್ತಾ ನನಗೆ ಅನ್ನಿಸಿದ್ದು ಇಷ್ಟು: ಈ ಕಥೆಯೆಲ್ಲಾ ಒಂದೇ ವಿಷಯದ್ದು, ದೂರ. ಮಗು ಮತ್ತು ಶಾಲೆಯ ನಡುವಿನ ದೂರ ಒಂದೊಂದಾಗಿ ಹೇಗೆ ಕಮ್ಮಿ ಆಯ್ತು ಅನ್ನೋದು. ದೂರ ಅಂದ್ರೆ ಬರೀ ದಾರಿ ಅಲ್ಲ. ಜಾತಿಯ ದೂರ ಇತ್ತು, ಮಾತಿನ ದೂರ ಇತ್ತು, ಹಸಿದ ಹೊಟ್ಟೆಯ ದೂರ ಇತ್ತು. ಒಂದೊಂದನ್ನೂ ಯಾರೋ ಪಟ್ಟು ಹಿಡಿದು ಕಮ್ಮಿ ಮಾಡಿಸಿದ್ದಾರೆ.

ಈಗ ಆ ದೂರ ಮತ್ತೆ ಜಾಸ್ತಿ ಆಗೋ ಲಕ್ಷಣ ಕಾಣ್ತಿದೆ. ಅದನ್ನ ಕೊನೇ ಕಂತಲ್ಲಿ ಹೇಳ್ತೀನಿ. ಸೇವ್ ಮಾಡ್ಕೊಳ್ಳಿ, ನಿಮ್ಮ ಸ್ಕೂಲ್ ಗ್ಯಾಂಗನ್ನ ಟ್ಯಾಗ್ ಮಾಡಿ.

ಕಂತು 2: ಕೂಲಿಮಠದಿಂದ ಹೋಬಳಿ ಶಾಲೆಗೆ

ಸರ್ಕಾರಿ ಶಾಲೆ ಬರೋಕೆ ಮುಂಚೆ ಹಳ್ಳಿಗಳಲ್ಲಿ ಇದ್ದಿದ್ದು ಕೂಲಿಮಠ. ಕೆಲವು ಕಡೆ ಐಗಳ ಮಠ ಅಂತಿದ್ರು. ಯಾರದೋ ಮನೆ ಜಗುಲಿ, ಇಲ್ಲಾ ದೇವಸ್ಥಾನದ ಅಂಗಳ. ಮೇಷ್ಟ್ರಿಗೆ ಸಂಬಳ ಕೊಡ್ತಿದ್ದವರು ಮಕ್ಕಳ ಅಪ್ಪಂದಿರು. ಸ್ವಲ್ಪ ಕಾಸು, ಸ್ವಲ್ಪ ದವಸ. ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದಿ ಕಲೀತಿದ್ರು, ಆಮೇಲೆ ಬಳಪ ಹಿಡಿದು ಕರಿಬಟ್ಟೆಯ ಕಡತದ ಮೇಲೆ ಬರೀತಿದ್ರು. ಮಗ್ಗಿ, ಲೆಕ್ಕ, ಬಾಯಿಪಾಠ. ಹೋಗ್ತಿದ್ದವರು ಯಾರು? ಹೆಚ್ಚಾಗಿ ಕೊಡೋ ಶಕ್ತಿ ಇದ್ದ ಮನೆಯ ಗಂಡುಮಕ್ಕಳು. ಉಳಿದವರು ದನ ಕಾಯೋಕೆ, ಹೊಲಕ್ಕೆ.

1831ರಿಂದ 1881ರವರೆಗೆ ಮೈಸೂರು ರಾಜ್ಯ ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿತ್ತು. ಇಂಡಿಯಾದಲ್ಲಿ ಶಿಕ್ಷಣ ಹೇಗಿರಬೇಕು ಅಂತ 1854ರಲ್ಲಿ ಲಂಡನ್ನಿಂದ ಒಂದು ದೊಡ್ಡ ಪತ್ರ ಬಂತು. ಅದೇ ವುಡ್ಸ್ ಡಿಸ್ಪ್ಯಾಚ್. ಅದರ ಹಿಂದೆಯೇ, 1857ರಲ್ಲಿ, ಮೈಸೂರಿಗೆ ಶಿಕ್ಷಣ ಇಲಾಖೆ ಬಂತು. ಆದರೆ ಶುರುವಿನ ಶಾಲೆಗಳೆಲ್ಲ ಹೆಚ್ಚಾಗಿ ಪೇಟೆಗಳಲ್ಲಿ. ಹಳ್ಳಿ ಕಡೆ ತಿರುಗಿದ್ದು 1868ರಲ್ಲಿ, ಹೋಬಳಿ ಶಾಲೆ ಯೋಜನೆಯಿಂದ. ಒಂದೊಂದು ಹೋಬಳಿಗೆ ಒಂದೊಂದು ಶಾಲೆ ಅನ್ನೋದು ಲೆಕ್ಕ.

ಈ ಯೋಜನೆ ತಂದವರು ಬಿ. ಎಲ್. ರೈಸ್. ಹೌದು, ಶಾಸನಗಳ ರೈಸ್ ಅವರೇ. ಇಲಾಖೆ ಕೆಲಸಕ್ಕೆ ಊರೂರು ಸುತ್ತುವಾಗ ಕಣ್ಣಿಗೆ ಬಿದ್ದ ಕಲ್ಲಿನ ಬರಹಗಳು ಅವರನ್ನ ಶಾಸನದ ಹಾದಿಗೆ ಎಳೆದವು. 'ಎಪಿಗ್ರಾಫಿಯಾ ಕರ್ನಾಟಿಕಾ'ದ 10ನೇ ಸಂಪುಟ ನಮ್ಮ ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ನಮ್ಮೂರಿನ ಹಳೇ ಅಕ್ಷರ ಓದಿಸಿದವರೂ, ಹಳ್ಳಿ ಮಕ್ಕಳಿಗೆ ಹೊಸ ಅಕ್ಷರ ಕಲಿಸೋ ಶಾಲೆಗೆ ದಾರಿ ಮಾಡಿದವರೂ ಒಬ್ಬರೇ.

ಈಗ ನಿಮ್ಮ ಹೋಬಳಿ ನೆನೆಸ್ಕೊಳ್ಳಿ. ವೇಮಗಲ್, ಟೇಕಲ್, ಲಕ್ಕೂರು, ಆವಣಿ, ಬೈರಕೂರು, ರೋಣೂರು, ಯಲ್ದೂರು. ಒಂದೊಂದರಲ್ಲೂ ಎಷ್ಟು ಹಳ್ಳಿ ಇವೆ? ಅಷ್ಟಕ್ಕೂ ಸೇರಿ ಒಂದು ಶಾಲೆ. ಆರು ವರ್ಷದ ಮಗು ಅಂಚಿನ ಹಳ್ಳಿಯಿಂದ ಅಲ್ಲಿಗೆ ದಿನಾ ನಡೆಯೋಕೆ ಆಗ್ತಿತ್ತಾ? ಶಾಲೆ ಬಂದಿತ್ತು ನಿಜ. ಹತ್ತಿರ ಬಂದಿರಲಿಲ್ಲ.

ಕಂತು 3: ನಡೆದುಕೊಂಡು ಬೆಂಗಳೂರಿಗೆ ಹೋದ ಹುಡುಗ

ದೂರ ಅಂದ್ರೆ ಏನು ಅಂತ ಗೊತ್ತಾಗಬೇಕಾದ್ರೆ ಎಚ್. ನರಸಿಂಹಯ್ಯನವರ ಕಥೆ ಕೇಳಿ.

ಅವರು ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗೋವರೆಗೂ ಅದು ನಮ್ಮ ಕೋಲಾರ ಜಿಲ್ಲೆಯೇ. ಬಡ ಮನೆ. ಊರಲ್ಲಿ ಓದಿದ್ದು ಮುಗೀತು, ಮುಂದೆ ಹೈಸ್ಕೂಲು ಬೇಕು. 1935ರಲ್ಲಿ ಬೆಂಗಳೂರಿನ ಬಸವನಗುಡಿ ನ್ಯಾಷನಲ್ ಹೈಸ್ಕೂಲಿಗೆ ಸೇರೋಕೆ ಹೊರಟರು. ಪ್ರಯಾಣಕ್ಕೆ ದುಡ್ಡಿಲ್ಲ. ನಡೆದರು. ಸುಮಾರು 80 ಕಿಲೋಮೀಟರ್, ಎರಡು ದಿನ.

ಆ ಹುಡುಗ ಮುಂದೆ ಅಮೆರಿಕದ ಓಹಿಯೋದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿದ, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲ್ ಆದ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದ. ಕೊನೇವರೆಗೂ ಕಾಲೇಜಿನ ಹಾಸ್ಟೆಲ್ ರೂಮಲ್ಲೇ ಇದ್ದರು. ಇದನ್ನೆಲ್ಲ ನಾವು ಭಾಷಣದಲ್ಲಿ ಕೇಳಿದ್ದೀವಿ, ಚಪ್ಪಾಳೆ ಹೊಡೆದಿದ್ದೀವಿ. ಆದರೆ ಅವರು ಆಮೇಲೆ ಮಾಡಿದ ಕೆಲಸ ನೋಡಿ. ಗೌರಿಬಿದನೂರಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳು ಶುರುವಾಗೋ ಹಾಗೆ ಮಾಡಿದರು. ಇನ್ನೊಬ್ಬ ಹುಡುಗ ಅಷ್ಟು ದೂರ ನಡೆಯಬಾರದು ಅಂತ ತಾನೇ?

"ಅವರು 80 ಕಿಲೋಮೀಟರ್ ನಡೆದರು, ನಿಮಗೆ ಬಸ್ಸಲ್ಲಿ ಹೋಗೋಕೂ ಕಷ್ಟವಾ" ಅಂತ ನಮಗೆ ಬೈತಾರಲ್ಲ, ಅವರಿಗೆ ಹೇಳಿ: ನಡೆದವರೊಬ್ಬರ ಹೆಸರು ನಮಗೆ ಗೊತ್ತು. ನಡೆಯೋಕಾಗದೆ ಊರಲ್ಲೇ ಉಳಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇನ್ನೊಬ್ಬರು ಮುಳಬಾಗಿಲಿನವರು, ಡಿ. ವಿ. ಗುಂಡಪ್ಪ. ಹುಟ್ಟಿದ್ದು 1887. ಮೆಟ್ರಿಕ್ಯುಲೇಷನ್ ಫೇಲು. ಹೌದು, 'ಮಂಕುತಿಮ್ಮನ ಕಗ್ಗ' ಬರೆದ ಡಿವಿಜಿ ಮೆಟ್ರಿಕ್ ದಾಟಲಿಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಸಪ್ಲಿಮೆಂಟರಿ ಕಟ್ಟಿರೋ ಫ್ರೆಂಡ್ ಯಾರಾದ್ರೂ ಇದ್ರೆ ಈ ಕಂತನ್ನ ಅವರಿಗೆ ಕಳಿಸಿ.

ಕಂತು 4: ಜಗುಲಿಯಿಂದ ಒಳಕ್ಕೆ

ಎಲ್ಲಾ ಮಕ್ಕಳಿಗೂ ಕಡ್ಡಾಯ ಪ್ರಾಥಮಿಕ ಶಿಕ್ಷಣ ಬೇಕು ಅಂತ ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಕಲ್ಕತ್ತಾದ ಶಾಸನಸಭೆಗೆ ಒಂದು ಮಸೂದೆ ತಂದರು. 1912ರಲ್ಲಿ ಅದು ಬಿದ್ದುಹೋಯ್ತು. ಆದರೆ ಮೈಸೂರು ಸಂಸ್ಥಾನ 1913ರಲ್ಲೇ ತನ್ನದೊಂದು ಕಾನೂನು ಮಾಡಿತು, ಎಲಿಮೆಂಟರಿ ಎಜುಕೇಷನ್ ರೆಗ್ಯುಲೇಷನ್. ಆಗ ದಿವಾನರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. ಕಡ್ಡಾಯ ಅನ್ನೋದು ಮೊದಲಿಗೆ ಆಯ್ದ ಊರುಗಳಲ್ಲಿ, ಅದೂ ಗಂಡುಮಕ್ಕಳಿಗೆ ಮಾತ್ರ. ಆದ್ರೂ ಓದಿಸೋದು ಮನೆಯವರ ಇಷ್ಟಕ್ಕೆ ಬಿಟ್ಟಿದ್ದಲ್ಲ ಅಂತ ಕಾಗದದ ಮೇಲೆ ಬಂತಲ್ಲ, ಅದು ದೊಡ್ಡದು. ಅಂದಹಾಗೆ ಡಿವಿಜಿ 1945ರಲ್ಲಿ ಕಟ್ಟಿದ ಸಂಸ್ಥೆಗೆ ಇದೇ ಗೋಖಲೆಯವರ ಹೆಸರಿಟ್ಟರು.

ಆದರೆ ಬಾಗಿಲು ಎಲ್ಲರಿಗೂ ತೆರೆದಿತ್ತಾ? ಇಲ್ಲ. ದಲಿತ ಮಕ್ಕಳಿಗೆ ಬೇರೆ ಶಾಲೆ, ಇಲ್ಲಾಂದ್ರೆ ಶಾಲೆಯೇ ಇಲ್ಲ. ಸೇರಿಸ್ಕೊಂಡ್ರೂ ಕೂರಿಸೋದು ಹೊರಗೆ. 1915ರಲ್ಲಿ ಮೈಸೂರು ಸರ್ಕಾರ ಜಾತಿಯ ಕಾರಣಕ್ಕೆ ಸರ್ಕಾರಿ ಶಾಲೆಗೆ ಪ್ರವೇಶ ನಿರಾಕರಿಸಬಾರದು ಅಂತ ಆದೇಶ ಮಾಡ್ತು. ವಿರೋಧ ಜೋರಾಗೇ ಬಂತು. ಆಮೇಲೆ 1918ರಲ್ಲಿ ಮಿಲ್ಲರ್ ಸಮಿತಿ ಕೂತು, ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಪಾಲು ಎಲ್ಲಿ ಅಂತ ಕೇಳಿತು. ಶಾಲೆಗೆ ಬಿಟ್ಟರೆ ತಾನೇ ಕೆಲಸದಲ್ಲಿ ಪಾಲು?

ಜಗುಲಿಯಿಂದ ಒಳಗೆ ಎಷ್ಟು ದೂರ? ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಗೆ ಸರ್ಕಾರದ ಆದೇಶ ಬೇಕಾಯ್ತು, ಸಂವಿಧಾನದ 17ನೇ ವಿಧಿ ಬೇಕಾಯ್ತು, ತಲೆಮಾರುಗಳೇ ಬೇಕಾಯ್ತು.

ಮುಗೀತು ಅಂತ ಅಂದ್ಕೋಬೇಡಿ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ ವಿಡಿಯೋ ಇಡೀ ರಾಜ್ಯ ನೋಡಿತು. ಕೇಸಾಯ್ತು, ಬಂಧನವೂ ಆಯ್ತು. 1915 ಆಗಿ 108 ವರ್ಷ. ಆ ಮಕ್ಕಳು ನಮ್ಮ ತಮ್ಮಂದಿರ ವಯಸ್ಸಿನವರು.

ಕಂತು 5: ಮನೆಯಲ್ಲಿ ಒಂದು, ಸ್ಕೂಲಲ್ಲಿ ಒಂದು

ಇದು ನಮ್ಮ ಜಿಲ್ಲೆಯವರಿಗೆ ಮಾತ್ರ ಸರಿಯಾಗಿ ಅರ್ಥ ಆಗೋ ಕಂತು.

ಬೇರೆ ಜಿಲ್ಲೆಯ ಫ್ರೆಂಡ್ಸ್ ಕೇಳ್ತಾರೆ, "ನೀನು ಕನ್ನಡದವನಾ, ತೆಲುಗಿನವನಾ?" ಏನಂತ ಹೇಳೋದು! ಮುಳಬಾಗಿಲು, ಶ್ರೀನಿವಾಸಪುರ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಮಾಲೂರಿನ ಹೊಸೂರು ಕಡೆ ಗಡಿಯಲ್ಲಿ ತಮಿಳೂ ಉಂಟು. ಪೇಟೆ ಬೀದಿಯಲ್ಲಿ ಉರ್ದು. ಮನೆಯಲ್ಲಿ "ನೀಳ್ಳು" ಅಂತ ಕೇಳಿ ಬೆಳೆದ ಮಗು ಒಂದನೇ ಕ್ಲಾಸಲ್ಲಿ "ನೀರು" ಅಂತ ಓದಬೇಕು. ಮನೆಯಲ್ಲಿ "ಬಡಿ", ಅಜ್ಜಿ ಬಾಯಲ್ಲಿ "ಇಸ್ಕೂಲು", ಬೋರ್ಡ್ ಮೇಲೆ "ಶಾಲೆ".

ಇದನ್ನ ದಾಟಿಸಿದವರು ಒಂದನೇ ಕ್ಲಾಸಿನ ಮೇಷ್ಟ್ರುಗಳು, ಮೇಡಂಗಳು. ಮಗು ತೆಲುಗಲ್ಲಿ ಕೇಳಿದ್ದಕ್ಕೆ ತೆಲುಗಲ್ಲೇ ಸಮಾಧಾನ ಹೇಳಿ, ಅದನ್ನೇ ಕನ್ನಡದಲ್ಲಿ ತಿರುಗಿ ಹೇಳಿಸಿ, ಮೂರು ತಿಂಗಳಲ್ಲಿ ಮಗು ಎರಡೂ ಕಡೆ ಓಡಾಡೋ ಹಾಗೆ ಮಾಡೋ ಕಲೆ ಅದು. ಇದು ಗಡಿ ಜಿಲ್ಲೆಯ ಮೇಷ್ಟ್ರುಗಳಿಗೆ ಯಾವ ಟ್ರೈನಿಂಗೂ ಇಲ್ಲದೆ ಬಂದಿದ್ದು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ನಮ್ಮ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದವರು. ಅವರ ಮನೆಮಾತು ತಮಿಳು. ಎಂ.ಎ. ಮಾಡಿದ್ದು ಇಂಗ್ಲಿಷಲ್ಲಿ, ಮದರಾಸಲ್ಲಿ. ಬರೆದಿದ್ದು ಕನ್ನಡದಲ್ಲಿ. 'ಚಿಕವೀರ ರಾಜೇಂದ್ರ' ಕಾದಂಬರಿಗೆ 1983ರ ಜ್ಞಾನಪೀಠ ಬಂತು. ಕನ್ನಡದ ಸಣ್ಣಕಥೆಗೆ ದಾರಿ ಹಾಕಿದವರು ಅಂತ ನಾವು ಪಾಠದಲ್ಲಿ ಓದೋ ಮನುಷ್ಯ, ಮನೆಯಲ್ಲಿ ಕನ್ನಡ ಕೇಳಿ ಬೆಳೆದವರಲ್ಲ. ಮಾಸ್ತಿ ಊರಲ್ಲಿ ಅವರ ಮನೆ ಈಗ ಗ್ರಂಥಾಲಯ.

ಅದಕ್ಕೇ ಕನ್ನಡ ಶಾಲೆ ಮುಚ್ಚಿದ್ರೆ ನಮ್ಮ ಕಡೆ ಆಗೋ ನಷ್ಟವೇ ಬೇರೆ ಥರದ್ದು. ಮೈಸೂರು ಕಡೆ ಶಾಲೆ ಮುಚ್ಚಿದ್ರೂ ಮನೆಯಲ್ಲಿ ಕನ್ನಡ ಇರತ್ತೆ. ರಾಯಲ್ಪಾಡು ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಸಿಗೋ ಮುಖ್ಯ ಜಾಗವೇ ಆ ಶಾಲೆ ಆಗಿರಬಹುದು.

ಕಂತು 6: ಮಧ್ಯಾಹ್ನದ ಬೆಲ್

ಪ್ಲೇಟ್ ತೊಳ್ಕೊಂಡು ಸಾಲಲ್ಲಿ ನಿಂತಿದ್ದು ಯಾರ್ಯಾರಿಗೆ ನೆನಪಿದೆ? ನಮಗೆ ಅದು ಹುಟ್ಟಿದಾಗಿಂದ ಇದ್ದ ವಿಷಯ ಅನ್ನಿಸತ್ತೆ. ಇಲ್ಲ. ನಮ್ಮ ಅಕ್ಕ ಅಣ್ಣಂದಿರ ಕಾಲಕ್ಕೂ ಪೂರ್ತಿ ಇರಲಿಲ್ಲ.

1876ರಿಂದ 78ರವರೆಗೆ ಮೈಸೂರು ಸೀಮೆಗೆ ದೊಡ್ಡ ಬರ ಬಂತು. ಲಕ್ಷಗಟ್ಟಲೆ ಜನ ಸತ್ತರು. ಆಗ ಕೋಲಾರದಲ್ಲಿ ಮಿಸ್ ಆನ್‌ಸ್ಟೆ ಅನ್ನೋ ಮಿಷನರಿ ಹೆಂಗಸು ಅನಾಥ ಮಕ್ಕಳನ್ನ ಸೇರಿಸ್ಕೊಂಡು ಆಶ್ರಮ ನಡೆಸಿದರು. ಆ ಮಕ್ಕಳಿಗೆ ಮೊದಲು ಬೇಕಾಗಿದ್ದು ಅನ್ನ, ಆಮೇಲೆ ಅಕ್ಷರ. ಹೊಟ್ಟೆ ಖಾಲಿ ಇದ್ರೆ ಪಾಠ ತಲೆಗೆ ಹತ್ತಲ್ಲ ಅನ್ನೋದಕ್ಕೆ ಯಾವ ಸಂಶೋಧನೆಯೂ ಬೇಡ. ಆದ್ರೂ ಸರ್ಕಾರಿ ಶಾಲೆಯಲ್ಲಿ ಊಟ ಬರೋಕೆ ಇನ್ನೂ ನೂರಿಪ್ಪತ್ತು ವರ್ಷದ ಮೇಲೆ ಹಿಡೀತು.

ಪಕ್ಕದ ತಮಿಳುನಾಡಲ್ಲಿ ಕಾಮರಾಜ್ 1950ರ ದಶಕದಲ್ಲೇ ಶಾಲೆ ಊಟ ಶುರು ಮಾಡಿದ್ದರು. ಕೇಂದ್ರ ಸರ್ಕಾರದ ಯೋಜನೆ ಬಂದಿದ್ದು 1995ರ ಆಗಸ್ಟ್ 15ಕ್ಕೆ. ಎಷ್ಟೋ ರಾಜ್ಯಗಳಲ್ಲಿ ಕೊಟ್ಟಿದ್ದು ಅಡುಗೆ ಮಾಡಿದ ಊಟ ಅಲ್ಲ, ತಿಂಗಳಿಗೆ 3 ಕೆಜಿ ಧಾನ್ಯ. ಅದಕ್ಕೂ ಶೇ. 80 ಹಾಜರಾತಿ ಇರಬೇಕು. ಮನೆಗೆ ಹೋದ ಧಾನ್ಯ ಮನೆಮಂದಿಗೆಲ್ಲ ಹಂಚಿಹೋಗ್ತಿತ್ತು. 2001ರ ನವೆಂಬರ್ 28ಕ್ಕೆ ಸುಪ್ರೀಂ ಕೋರ್ಟು ಶಾಲೆಯಲ್ಲೇ ಬೇಯಿಸಿದ ಊಟ ಕೊಡಬೇಕು ಅಂತ ಆದೇಶ ಮಾಡ್ತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ 7 ಜಿಲ್ಲೆಗಳಲ್ಲಿ ಶುರುವಾಗಿ, 2003ರಲ್ಲಿ ನಮ್ಮ ಕಡೆಗೂ ಬಂತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ. ಹಾಲಿನ ಜಿಲ್ಲೆಯ ಮಕ್ಕಳಿಗೂ ಹಾಲು ಬೇಕಿತ್ತಾ ಅಂತ ನಗಬೇಡಿ. ಕರೆದ ಹಾಲು ಡೇರಿಗೆ ಹೋಗತ್ತೆ, ಮನೆ ಮಕ್ಕಳ ಲೋಟಕ್ಕೆ ಬೀಳೋದು ಎಷ್ಟು ಅಂತ ನಿಮಗೇ ಗೊತ್ತು.

ಊಟದ ಸಾಲಲ್ಲಿ ಇನ್ನೊಂದು ಕೆಲಸವೂ ಆಯ್ತು. ಊರಲ್ಲಿ ಒಟ್ಟಿಗೆ ಕೂತು ತಿನ್ನದ ಮನೆಗಳ ಮಕ್ಕಳು ಇಲ್ಲಿ ಒಂದೇ ಚಾಪೆಯ ಮೇಲೆ ಕೂತು ತಿಂದರು. ಕಂತು 4 ಓದಿದವರಿಗೆ ಇದು ಎಷ್ಟು ದೊಡ್ಡದು ಅಂತ ಹೇಳಬೇಕಾಗಿಲ್ಲ.

ಕಂತು 7: ಗಡಿಯಾಚೆಯಿಂದ ಬಂದ ಏಣಿ

ಚಪ್ಪರ, ಏಣಿ, ತಟ್ಟೆ, ಕಾರ್ಡು. ಈ ನಾಲ್ಕು ಪದ ಕೇಳಿ ನಗು ಬಂದ್ರೆ ನೀವು ನಲಿ-ಕಲಿ ಬ್ಯಾಚು!

ಮೊದಲು ಹಿನ್ನೆಲೆ. 1990ರ ದಶಕದ ನಡುವೆ ಪ್ರಾಥಮಿಕ ಶಿಕ್ಷಣ ಹಿಂದುಳಿದ ಜಿಲ್ಲೆಗಳಿಗಾಗಿ ಡಿಪಿಇಪಿ ಅನ್ನೋ ಯೋಜನೆ ಬಂತು. ಕರ್ನಾಟಕದಲ್ಲಿ ಮೊದಲ ಸುತ್ತಿಗೆ ಆರಿಸಿದ್ದು 4 ಜಿಲ್ಲೆ: ಬೆಳಗಾವಿ, ರಾಯಚೂರು, ಮಂಡ್ಯ ಮತ್ತು ನಮ್ಮ ಕೋಲಾರ. ಬೆಂಗಳೂರಿಗೆ ಇಷ್ಟು ಹತ್ತಿರ ಇದ್ದೂ ನಮ್ಮದು ಆ ಪಟ್ಟಿಯಲ್ಲಿತ್ತು ಅನ್ನೋದನ್ನ ನೆನಪಿಡಿ. ಹೊಸ ಕೋಣೆಗಳು, ಹೊಸ ಶಾಲೆಗಳು, ಮೇಷ್ಟ್ರುಗಳು ಸೇರಿ ಮಾತಾಡೋಕೆ ಕ್ಲಸ್ಟರ್ ಕೇಂದ್ರಗಳು ಆಗ ಬಂದವು. "ಇವತ್ತು ಸಾರ್‌ಗೆ ಮೀಟಿಂಗು" ಅಂತ ತಿಂಗಳಿಗೊಮ್ಮೆ ನಾವು ಕುಣೀತಿದ್ವಲ್ಲ, ಆ ಮೀಟಿಂಗು ಅದೇ.

ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಆದರೆ ಅಲ್ಲಿನ ಮೇಷ್ಟ್ರುಗಳು ಅದನ್ನ ನೋಡಿ ಕಲಿತು ಬಂದಿದ್ದು ಎಲ್ಲಿಂದ ಗೊತ್ತಾ? ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಿಂದ. ಶ್ರೀನಿವಾಸಪುರದವರಿಗೆ ಮದನಪಲ್ಲಿ ಅಂದ್ರೆ ಗಡಿ ದಾಟಿದ್ರೆ ಸಿಗೋ ಪೇಟೆ, ಟೊಮೆಟೊ ಮಾರ್ಕೆಟ್ಟು. ಅದರ ಪಕ್ಕದ ಹಳ್ಳಿ ಶಾಲೆಗಳಲ್ಲಿ ಒಬ್ಬರೇ ಮೇಷ್ಟ್ರು ಮೂರ್ನಾಲ್ಕು ಕ್ಲಾಸನ್ನ ಒಟ್ಟಿಗೆ ನಡೆಸೋಕೆ ಕಾರ್ಡು ಮತ್ತು ಏಣಿಯ ಕ್ರಮ ಕಂಡುಹಿಡಿದಿದ್ರು. ಯಾರೂ ಯಾರಿಗೂ ಕಾಯಬೇಕಾಗಿಲ್ಲ, ಪ್ರತಿ ಮಗು ತನ್ನ ಮೆಟ್ಟಿಲಲ್ಲಿ ತಾನು. 2009-10ರಲ್ಲಿ ಇದು ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು.

ಮದನಪಲ್ಲಿಗೆ ನಮ್ಮ ಶಾಲೆ ಜೊತೆ ಇನ್ನೊಂದು ನಂಟಿದೆ. ದಿನಾ ಬೆಳಗ್ಗೆ ಪ್ರೇಯರ್‌ನಲ್ಲಿ ರಾಷ್ಟ್ರಗೀತೆ ಹಾಡ್ತಿದ್ವಲ್ಲ, ಅದನ್ನ ರವೀಂದ್ರನಾಥ ಟ್ಯಾಗೋರರು ತಾವೇ ಇಂಗ್ಲಿಷಿಗೆ ಅನುವಾದ ಮಾಡಿದ್ದು 1919ರ ಫೆಬ್ರವರಿಯಲ್ಲಿ, ಮದನಪಲ್ಲಿಯ ಥಿಯೋಸಾಫಿಕಲ್ ಕಾಲೇಜಲ್ಲಿ ಇದ್ದಾಗ. ಇನ್ಮೇಲೆ ಮದನಪಲ್ಲಿ ಅಂದ್ರೆ ಬರೀ ಟೊಮೆಟೊ ಅನ್ನಬೇಡಿ.

ಕಂತು 8: ಎಂಟನೇ ಕ್ಲಾಸಿನ ಸೈಕಲ್ಲು

ಪ್ರೈಮರಿ ಹತ್ತಿರ ಬಂತು. ಹೈಸ್ಕೂಲು ಬರಲಿಲ್ಲ. ಏಳನೇ ಕ್ಲಾಸ್ ಮುಗಿದ ಮೇಲೆ ಪಕ್ಕದ ದೊಡ್ಡೂರಿಗೆ ಹೋಗಬೇಕು. ಗಂಡುಮಕ್ಕಳು ಹೇಗೋ ಲಾರಿ, ಟ್ರ್ಯಾಕ್ಟರ್ ಹತ್ತಿ ಹೋಗ್ತಿದ್ರು. ಹೆಣ್ಣುಮಕ್ಕಳಿಗೆ "ಸಾಕು ಬಿಡು" ಅಂತ ಹೇಳ್ತಿದ್ದಿದ್ದು ಇದೇ ಹಂತದಲ್ಲಿ. ನಿಮ್ಮ ಅಮ್ಮ ಎಷ್ಟನೇ ಕ್ಲಾಸಿಗೆ ಬಿಟ್ಟರು ಕೇಳಿ ನೋಡಿ. ಏಳು ಅಂದ್ರೆ, ಯಾಕೆ ಏಳು ಅಂತಲೂ ಕೇಳಿ. ಬುದ್ಧಿ ಇರಲಿಲ್ಲ ಅನ್ನೋ ಉತ್ತರ ಬರಲ್ಲ. ದಾರಿ ಅನ್ನೋ ಉತ್ತರ ಬರತ್ತೆ.

2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯ ಸಾಕ್ಷರತೆ ಶೇ. 74.39. ಗಂಡಸರು ಶೇ. 81.81, ಹೆಂಗಸರು ಶೇ. 66.84. ನಡುವಿನ ಆ ಸುಮಾರು 15 ಅಂಕದಲ್ಲಿ ನಮ್ಮ ಅಮ್ಮಂದಿರು, ಅಜ್ಜಿಯರು ಇದ್ದಾರೆ.

2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು. ಆಮೇಲೆ ಗಂಡುಮಕ್ಕಳಿಗೂ ಬಂತು. ಚೈನ್ ಬೀಳ್ತಿತ್ತು, ಬ್ರೇಕ್ ಹಿಡೀತಿರಲಿಲ್ಲ, ಅಪ್ಪ ಅದರಲ್ಲೇ ಹುಲ್ಲು ತರ್ತಿದ್ದರು, ಎಲ್ಲಾ ನಿಜ. ಆದ್ರೂ ಬೆಳಗ್ಗೆ ಒಂಬತ್ತು ಗಂಟೆಗೆ ಊರ ರಸ್ತೆಯಲ್ಲಿ ಹತ್ತು ಹುಡುಗೀರು ಸಾಲಾಗಿ ಸೈಕಲ್ ತುಳ್ಕೊಂಡು ಹೋಗೋದನ್ನ ಆ ಊರು ಅಲ್ಲಿವರೆಗೆ ನೋಡಿರಲಿಲ್ಲ. ಒಬ್ಬಳೇ ಹೋಗೋದು ಬೇಡ ಅಂತಿದ್ದ ಮನೆಯವರು, ಎಲ್ಲರೂ ಹೋಗ್ತಾರಲ್ಲ ಅಂತ ಸುಮ್ಮನಾದರು. ಕೋವಿಡ್ ಬಂದಾಗ ಸೈಕಲ್ ನಿಂತಿತು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ. ರಶ್ಶು ಅಂತ ಬೈಕೊಳ್ತೀವಿ. ನಮ್ಮ ಕಾಲೇಜಿಗೆ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಬರೋ ಹುಡುಗೀರನ್ನ ಕೇಳಿ, ಪಾಸಿನ ದುಡ್ಡು ಮನೆಯಲ್ಲಿ ಕೇಳೋ ಅವಸರ ಇಲ್ಲದಿರೋದು ಏನು ಅಂತ. ಆದರೆ ಬಸ್ಸು ಬರೋ ಊರಿಗೆ ಮಾತ್ರ ಈ ಮಾತು. ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸಿರೋ ಊರಲ್ಲಿ ಅದು ತಪ್ಪಿದ್ರೆ ಆ ದಿನದ ಕ್ಲಾಸೂ ಹೋಯ್ತು.

ಕಂತು 9: ಹನ್ನೆರಡು ತಿಂಗಳು, ಮತ್ತು ಎಲ್ಲಾ ನಿಂತುಹೋದ ವರ್ಷ

ಸರ್ಕಾರಿ ಶಾಲೆಯ ವರ್ಷ ಹೇಗಿತ್ತು ನೆನೆಸ್ಕೊಳ್ಳಿ. ಜೂನಲ್ಲಿ ದಾಖಲಾತಿ ಆಂದೋಲನ, ಊರ ತುಂಬಾ ಜಾಥಾ. ಜುಲೈ ಹೊತ್ತಿಗೆ ಹೊಸ ಪುಸ್ತಕದ ವಾಸನೆ, ಯೂನಿಫಾರಂ ಬಟ್ಟೆ ಬಂತಾ ಅನ್ನೋ ಪ್ರಶ್ನೆ. ಆಗಸ್ಟ್ 15ಕ್ಕೆ ಪ್ರಭಾತಫೇರಿ. ಸೆಪ್ಟೆಂಬರ್ 5ಕ್ಕೆ ಮೇಷ್ಟ್ರಿಗೆ ಪೆನ್ನು, ಗುಲಾಬಿ. ಅಕ್ಟೋಬರಲ್ಲಿ ದಸರಾ ರಜ. ನವೆಂಬರ್ 1ಕ್ಕೆ ನಾಡಗೀತೆ, 14ಕ್ಕೆ ಮಕ್ಕಳ ದಿನ. ಪ್ರತಿಭಾ ಕಾರಂಜಿಗೆ ಛದ್ಮವೇಷ, ಕ್ಲಸ್ಟರ್ ಲೆವೆಲ್ಲಲ್ಲಿ ಗೆದ್ದರೆ ತಾಲ್ಲೂಕಿಗೆ. ಡಿಸೆಂಬರ್‌ನಲ್ಲಿ ಶೈಕ್ಷಣಿಕ ಪ್ರವಾಸ. ಜನವರಿ 26ಕ್ಕೆ ಮತ್ತೆ ಬೂಂದಿ, ಚಾಕೊಲೇಟು. ಮಾರ್ಚಲ್ಲಿ ಪರೀಕ್ಷೆ. ಏಪ್ರಿಲ್ 10ಕ್ಕೆ ರಿಸಲ್ಟು, ಪಾಸಾದವರು ಅಂಗಡಿಗೆ ಓಡೋದು. ಆಮೇಲೆ ಮಾವಿನಕಾಯಿ ಕಾಲ.

ಈ ಪಟ್ಟಿ ಹಳ್ಳಿಯ ಕ್ಯಾಲೆಂಡರೂ ಹೌದು. ಜಾತ್ರೆ ಬಿಟ್ಟರೆ ಇಡೀ ಊರು ಒಂದು ಕಡೆ ಸೇರ್ತಿದ್ದಿದ್ದು ಶಾಲೆ ಅಂಗಳದಲ್ಲೇ.

2020ರ ಮಾರ್ಚಲ್ಲಿ ಆ ಪಟ್ಟಿ ನಿಂತುಹೋಯ್ತು. ಪೇಟೆಯವರಿಗೆ ಆನ್‌ಲೈನ್ ಕ್ಲಾಸು. ಹಳ್ಳಿಯಲ್ಲಿ ಮನೆಗೊಂದು ಫೋನು, ಅದೂ ಅಪ್ಪನ ಜೇಬಲ್ಲಿ. ನೆಟ್‌ವರ್ಕ್ ಸಿಗೋಕೆ ಗುಡ್ಡ ಹತ್ತಬೇಕು. ಚಂದನದಲ್ಲಿ ಸಂವೇದ ಪಾಠ ಬರ್ತಿತ್ತು, ಕರೆಂಟ್ ಇದ್ರೆ ನೋಡಿದ್ವಿ. 2020ರ ಆಗಸ್ಟಲ್ಲಿ ವಿದ್ಯಾಗಮ ಶುರುವಾಯ್ತು. ಮೇಷ್ಟ್ರುಗಳೇ ಊರಿಗೆ ಬಂದು ಅರಳಿಕಟ್ಟೆ, ದೇವಸ್ಥಾನದ ಅಂಗಳದಲ್ಲಿ ಪಾಠ ಮಾಡಿದರು. ಸೋಂಕಿನ ಭಯ ಹೆಚ್ಚಾಗಿ ಅಕ್ಟೋಬರ್‌ನಲ್ಲಿ ಅದನ್ನ ನಿಲ್ಲಿಸಿದರು. ಶಾಲೆಯ 150 ವರ್ಷದ ಕಥೆಯಲ್ಲಿ ಶಾಲೆಯೇ ಮಗುವಿನ ಮನೆ ಬಾಗಿಲಿಗೆ ನಡೆದು ಬಂದಿದ್ದು ಆ ಎರಡು ತಿಂಗಳು.

ಆಮೇಲೆ ನಮ್ಮ ಬ್ಯಾಚಿನ ಎಸ್ಸೆಸ್ಸೆಲ್ಸಿ. 2021ರ ಜುಲೈ 19 ಮತ್ತು 22, ಎರಡೇ ದಿನ, ಓಎಂಆರ್ ಶೀಟು. "ಕೊರೊನಾ ಪಾಸು" ಅಂತ ಇವತ್ತಿಗೂ ನಮ್ಮನ್ನ ಆಡ್ಕೊಳ್ತಾರೆ. ಆಡ್ಕೊಳ್ಳಲಿ. ಆ ವರ್ಷ ಪರೀಕ್ಷೆ ಹಾಲ್‌ಗೆ ಬರಲೇ ಇಲ್ಲದ, ಕೆಲಸಕ್ಕೆ ಸೇರಿದ, ಮದುವೆ ಆಗಿಹೋದ ಕ್ಲಾಸ್‌ಮೇಟ್ ನಿಮ್ಮ ಗ್ರೂಪ್ ಫೋಟೋದಲ್ಲಿ ಇದ್ದಾರಾ ನೋಡಿ. ಶಾಲೆ ಒಂದು ವರ್ಷ ದೂರ ಆದ್ರೆ ಯಾರು ಮೊದಲು ಜಾರ್ತಾರೆ ಅಂತ ನಾವು ಕಣ್ಣಾರೆ ನೋಡಿದ್ದೀವಿ.

ಕಂತು 10: ಖರ್ಚು ಯಾರ ಖಾತೆಗೆ?

ಈಗ ಇವತ್ತಿಗೆ ಬರೋಣ.

ನಮ್ಮ ಕಡೆ ಬೆಳಗ್ಗೆ ಎಂಟು ಗಂಟೆಗೆ ಹಳದಿ ಬಸ್ಸುಗಳು ಹಳ್ಳಿಗೆ ಬರ್ತವೆ. ಇಂಗ್ಲಿಷ್ ಮೀಡಿಯಂ. ಅಪ್ಪ ಅಮ್ಮಂದಿರನ್ನ ಬೈಯೋಕಾಗಲ್ಲ, ಅವರಿಗೆ ಮಕ್ಕಳ ಕೆಲಸದ ಚಿಂತೆ. ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಮ್ಮಿ ಆದ್ರು. ಹತ್ತು ಮಕ್ಕಳು, ಒಬ್ಬರೇ ಮೇಷ್ಟ್ರು. ಅವರೇ ಪಾಠ, ಅವರೇ ಊಟದ ಲೆಕ್ಕ, ಅವರೇ ಮೀಟಿಂಗು. ಆಗ ಮಾತು ಬರತ್ತೆ: ಚಿಕ್ಕ ಶಾಲೆಗಳನ್ನ ದೊಡ್ಡದಕ್ಕೆ ಸೇರಿಸೋಣ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರೋ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದಿವೆ. ಲ್ಯಾಬ್ ಇರತ್ತೆ, ವಿಷಯಕ್ಕೊಬ್ಬ ಮೇಷ್ಟ್ರು ಇರ್ತಾರೆ, ಆಡೋಕೆ ಜೊತೆಗಾರರು ಇರ್ತಾರೆ. ಇದು ಒಳ್ಳೇದೇ. ಹೈಸ್ಕೂಲ್ ಮಕ್ಕಳಿಗೆ ಇನ್ನೂ ಒಳ್ಳೇದು.

ಆದರೆ ನಾನು ಬಿಕಾಂ ಓದೋನು, ಲೆಕ್ಕದ ಎರಡೂ ಕಡೆ ನೋಡು ಅಂತ ಕಲಿಸಿದ್ದಾರೆ. ಹಳ್ಳಿ ಶಾಲೆ ಮುಚ್ಚಿದ್ರೆ ಸರ್ಕಾರದ ಪುಸ್ತಕದಲ್ಲಿ ಖರ್ಚು ಉಳೀತು ಅಂತ ಕಾಣತ್ತೆ. ಆ ಖರ್ಚು ಮಾಯ ಆಗಲ್ಲ, ಬೇರೆ ಖಾತೆಗೆ ಹೋಗತ್ತೆ. ಆಟೋ ಬಾಡಿಗೆ ಅಪ್ಪನ ಖಾತೆಗೆ. ಮಗುವನ್ನ ಬಿಟ್ಟು ಬರೋಕೆ ಹೋದ ಅಮ್ಮನ ಅರ್ಧ ದಿನದ ಕೂಲಿ ಅಮ್ಮನ ಖಾತೆಗೆ. ಎರಡನ್ನೂ ಭರಿಸೋಕಾಗದ ಮನೆಯಲ್ಲಿ ಮಗುವಿನ ಓದೇ ಖರ್ಚಾಗತ್ತೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಿಯಮದಲ್ಲಿ 5ನೇ ಕ್ಲಾಸಿನವರೆಗೆ 1 ಕಿಲೋಮೀಟರ್, 8ರವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತಿರೋದು ಸುಮ್ಮನೆ ಬರೆದಿದ್ದಲ್ಲ. ಹಿಂದಿನ ಒಂಬತ್ತು ಕಂತೂ ಆ 1 ಕಿಲೋಮೀಟರ್ ಹೇಗೆ ಬಂತು ಅನ್ನೋ ಕಥೆಯೇ.

ಅದಕ್ಕೇ ನಿಮ್ಮೂರಲ್ಲಿ ವಿಲೀನದ ಮಾತು ಬಂದ್ರೆ "ಬೇಕು", "ಬೇಡ" ಅಂತ ಕೂಗೋಕೆ ಮುಂಚೆ ಮೂರು ಪ್ರಶ್ನೆ ಕೇಳಿ. ಹೊಸ ಶಾಲೆ ಎಷ್ಟು ದೂರ? ಚಿಕ್ಕ ಮಕ್ಕಳಿಗೆ ವಾಹನ ಯಾರು ಕೊಡ್ತಾರೆ, ಎಷ್ಟು ವರ್ಷ ಕೊಡ್ತಾರೆ? ಊರಿನ ಎಸ್‌ಡಿಎಂಸಿ ಸಭೆಯಲ್ಲಿ ಇದು ಚರ್ಚೆ ಆಯ್ತಾ? ಎಸ್‌ಡಿಎಂಸಿ 2001ರಿಂದ ಇದೆ, ಹೆಚ್ಚಿನ ಸದಸ್ಯರು ಮಕ್ಕಳ ಅಪ್ಪ ಅಮ್ಮಂದಿರೇ. ಕೇಳೋಕೆ ಜಾಗ ಇದೆ.

ಇನ್ನೊಂದು ಕೆಲಸ ನಾವೇ ಮಾಡಬಹುದು. ಈ ಭಾನುವಾರ ನಿಮ್ಮ ಶಾಲೆ ಹತ್ತಿರ ಹೋಗಿ. ಗೋಡೆಯ ಶಂಕುಸ್ಥಾಪನೆ ಕಲ್ಲಿನ ಫೋಟೋ ತೆಗೀರಿ. ಊರಿನ ಹಿರಿಯರನ್ನ ಕೂರಿಸಿ ಕೇಳಿ: ಶಾಲೆ ಯಾವಾಗ ಬಂತು, ಜಾಗ ಯಾರು ಬಿಟ್ಟುಕೊಟ್ಟರು, ಮೊದಲ ಮೇಷ್ಟ್ರು ಎಲ್ಲಿಂದ ನಡೆದು ಬರ್ತಿದ್ರು, ಮೊದಲು ಸೇರಿದ ಹುಡುಗಿ ಯಾರು, ಯಾರನ್ನ ಹೊರಗೆ ಕೂರಿಸಿದ್ರು. ಬರೆದಿಟ್ಕೊಳ್ಳಿ. ದಾಖಲಾತಿ ಪುಸ್ತಕದ ಪುಟ ಮಾತ್ರ ಪೋಸ್ಟ್ ಮಾಡಬೇಡಿ, ಅದರಲ್ಲಿ ಜನರ ಹೆಸರು, ಜಾತಿ ಎಲ್ಲಾ ಇರತ್ತೆ. ಕಥೆ ಹಾಕಿ, ಕಲ್ಲು ಹಾಕಿ, ವರ್ಷ ಹಾಕಿ. ನನ್ನನ್ನ ಟ್ಯಾಗ್ ಮಾಡಿದ್ರೆ ತಿಂಗಳಿಗೊಂದು ಊರಿನ ಶಾಲೆಯ ಕಥೆ ಇದೇ ಪೇಜಲ್ಲಿ ಬರತ್ತೆ. ಮೊದಲು ಯಾವ ಊರು?

#ಶಾಲೆಎಷ್ಟುದೂರ #ನಮ್ಮಸರ್ಕಾರಿಶಾಲೆ #ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ #ನಲಿಕಲಿಬ್ಯಾಚ್